ಕತ್ತರಿಗೂ ಒಂದು ಕಾಯಿದೆ

ಊರಿನಲ್ಲಿ ಕ್ಷೌರದಂಗಡಿಗೆ ಮಂಗಳವಾರ ಬೀಗ. ಮಾಜಿವಾಡಾಕ್ಕೆ ಬಂದು ನೆಲೆಸಿದ ನಾವು ಕಲಿತದ್ದು ಸೋಮವಾರದ ರಜೆ. ವಾರ ಬದಲಾದದ್ದು ಸಣ್ಣ ಸಂಗತಿ. ಆ ಕಸುಬಿಗೆ ರಜೆಯೆಂಬುದೊಂದು ದೊರೆತದ್ದೇ ದೊಡ್ಡ ಸಂಗತಿ.

ನಮ್ಮ ಹಿರಿಯರ ಹಳ್ಳಿಗಳಲ್ಲಿ ಕ್ಷೌರಿಕನು ಹನ್ನೆರಡು ಆಯಗಾರರಲ್ಲೊಬ್ಬ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ಪಡೆಯುತ್ತಿದ್ದ; ದರವಿಲ್ಲ, ವಾರದ ಬಿಡುವಿಲ್ಲ. ಯಾರ ತಲೆ ಮುಟ್ಟಬೇಕು, ಯಾರದನ್ನು ಮುಟ್ಟಬಾರದು ಎಂಬುದನ್ನು ಜಾತಿಯೇ ಗೊತ್ತುಮಾಡುತ್ತಿತ್ತು. ವಿಧವೆಯರ ಕೇಶಮುಂಡನವೂ ಅವನ ಪಾಲಿನ ಕೆಲಸವೇ. ಆ ಕೆಲಸವನ್ನು ಇನ್ನು ಮಾಡಲಾರೆವೆಂದು 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ ನಿಶ್ಚಯಿಸಿದರು. ಅವರನ್ನು ಸಂಘಟಿಸಿದ ನಾರಾಯಣ ಮೇಘಾಜಿ ಲೋಖಂಡೆಯವರು 1848ರಲ್ಲಿ ನಮ್ಮ ಈ ಠಾಣೆಯಲ್ಲಿಯೇ ಹುಟ್ಟಿದವರೆಂಬುದನ್ನು ನಾವು ನೆನೆಯಬೇಕು. ಸರಕಾರಕ್ಕೂ ಮೊದಲೇ ಕಸುಬುದಾರರು ತಮಗೆ ತಾವೇ ಹಾಕಿಕೊಂಡ ನಿಯಮವದು.

ಸರಕಾರದ ನಿಯಮ ಬಂದದ್ದು 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಿಂದ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅಂಗಡಿಯ ನೋಂದಣಿ, ಗೋಡೆಯ ಮೇಲೆ ಅದರ ಪ್ರಮಾಣಪತ್ರ, ಕೆಲಸದ ವೇಳೆ, ವಾರದ ರಜೆ ಇವೆಲ್ಲ ಕಾಯಿದೆಯ ಮಾತಾದವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅಸ್ಪೃಶ್ಯತೆಯ ನೆಪದಿಂದ ಸೇವೆ ನಿರಾಕರಿಸುವುದನ್ನು ಅಪರಾಧವೆಂದಿತು. ಹಳ್ಳಿಯ ಆಯದ ಕೆಲಸ ಪೇಟೆಯ ಉದ್ಯೋಗವಾಯಿತು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕದ ಮಿನೆಸೋಟ ರಾಜ್ಯವು 1897ರಲ್ಲಿಯೇ ಕ್ಷೌರಿಕನಿಗೆ ಪರವಾನಿಗೆ ಬೇಕೆಂದು ಕಾನೂನು ಮಾಡಿತು; ಇತರ ರಾಜ್ಯಗಳೂ ಆ ದಾರಿ ಹಿಡಿದವು. ಅಲ್ಲಿ ಪರೀಕ್ಷೆ ಕೈಗೆ. ನಮ್ಮಲ್ಲಿ ನೋಂದಣಿ ಅಂಗಡಿಗೆ. ಇದರಿಂದ ಬಡ ಹುಡುಗನೊಬ್ಬ ಮಾವನ ಕುರ್ಚಿಯ ಪಕ್ಕದಲ್ಲಿ ನಿಂತು ಕಸುಬು ಕಲಿಯುವುದು ಸಾಧ್ಯವಾಯಿತು. ಅಂಗಡಿ ಬಿಟ್ಟರೆ ತೋರಿಸಲು ಅವನ ಬಳಿ ಒಂದು ಕಾಗದವೂ ಇಲ್ಲವೆಂಬುದೂ ನಿಜ. ಮಹಾರಾಷ್ಟ್ರದ 2017ರ ಹೊಸ ಕಾಯಿದೆಯಂತೂ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೆ ನೋಂದಣಿಯನ್ನೂ ಬಿಟ್ಟು, ಬರಿಯ ಸೂಚನೆ ಸಾಕೆಂದಿತು.

2020ರ ಮಾರ್ಚಿಯಲ್ಲಿ ಮುಚ್ಚಿದ ಅಂಗಡಿಗಳು ಜೂನ್ 28ರಂದು ತೆರೆದಾಗ ಕೂದಲು ಕತ್ತರಿಸಬಹುದು, ಗಡ್ಡ ಹೆರೆಯಬಾರದು ಎಂಬ ಆಜ್ಞೆ. ಠಾಣೆಯಲ್ಲಿ ಜುಲೈ 2ರಿಂದ ಮತ್ತೆ ಬೀಗ. ದಿನದ ಗಳಿಕೆಯಲ್ಲಿ ಪಾಲು ಪಡೆದು ಬದುಕುವವನ ಗತಿಯೇನು?

ಪರೀಕ್ಷೆಯ ಗೋಡೆ ಎಬ್ಬಿಸಿ ಬಡವರನ್ನು ಹೊರಗಿಡುವುದು ನಮಗೆ ಒಪ್ಪಿಗೆಯಿಲ್ಲ. ಶುಚಿತ್ವದ ನಿಯಮ ಬಿಗಿಯಾಗಿರಲಿ. ಅದರ ಜತೆಗೆ ಕುರ್ಚಿಯ ಹಿಂದೆ ನಿಂತವನ ಹೆಸರೂ, ಅವನ ಕಷ್ಟಕಾಲದ ನೆರವೂ ಸರಕಾರದ ಪುಸ್ತಕದಲ್ಲಿ ಸೇರಲಿ.