ಕಣದ ರಾಶಿಯಿಂದ ಕಾಗದದ ಮಡಿಕೆಗೆ

2010ರ ಆಗಸ್ಟ್‌ನಲ್ಲಿ ಜಗತ್ತಿನ ಗಣಿತಜ್ಞರ ಮಹಾಸಮ್ಮೇಳನ ಹೈದರಾಬಾದಿನಲ್ಲಿ ಸೇರಿತು. ಅದು ಭಾರತಕ್ಕೆ ಬಂದದ್ದು ಅದೇ ಮೊದಲು. ಗಣಿತವನ್ನು ಜನರಿಗೆ ತಲುಪಿಸಿದವರಿಗೆ ಮೀಸಲಾದ ‘ಲೀಲಾವತಿ’ ಪ್ರಶಸ್ತಿಯನ್ನು ಮೊದಲ ಬಾರಿ ಕೊಟ್ಟದ್ದೂ ಅಲ್ಲೇ. ಪಡೆದವರು ಲೇಖಕ ಸೈಮನ್ ಸಿಂಗ್.

ಹೆಸರು ಒಪ್ಪುವಂಥದ್ದೇ. ಭಾಸ್ಕರಾಚಾರ್ಯ 1150ರಲ್ಲಿ ಬರೆದ ‘ಲೀಲಾವತಿ’ಯಲ್ಲಿ ಘನಾಕೃತಿಗಳೆಂದರೆ ತೋಡಿದ ಗುಂಡಿ, ಪೇರಿಸಿದ ಇಟ್ಟಿಗೆ, ಕೊಯ್ದ ಮರ, ಧಾನ್ಯದ ರಾಶಿ. ಸಮನೆಲದ ಮೇಲಿನ ರಾಶಿಯ ಸುತ್ತಳತೆ 60 ಮೊಳ ಎನ್ನಿ. ದಪ್ಪ ಕಾಳಾದರೆ ಎತ್ತರ ಅದರ ಹತ್ತರಲ್ಲೊಂದು ಪಾಲು, 6 ಮೊಳ. ಸುತ್ತಳತೆಯ ಆರರಲ್ಲೊಂದು ಪಾಲನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ 600 ಘನಮೊಳ. ಶಂಕುವಿನ ಸೂತ್ರವೇ ಇದು, ಪೈ ಬೆಲೆಯನ್ನು 3 ಎಂದು ಹಿಡಿದದ್ದು. ಗೋಡೆಗೊರಗಿದ ರಾಶಿಗೆ, ಮೂಲೆಯ ರಾಶಿಗೆ ಬೇರೆ ಲೆಕ್ಕ. ಒಕ್ಕಲು ಮನೆಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೆ?

ಪಾಠಕ್ಕೆಂದೇ ಮಾಡಿದ ಮಾದರಿಗಳು ಬೇರೆ ದಾರಿಯಿಂದ ಬಂದವು. 19ನೇ ಶತಮಾನದಲ್ಲಿ ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ಮಕ್ಕಳ ಕೈಗೆ ಮರದ ಗೋಲ, ಘನ, ಸಿಲಿಂಡರ್ ಕೊಟ್ಟರು. ಅವರ ಪದ್ಧತಿಯ ಶಿಶುವಿಹಾರದ ಬಣ್ಣದ ಕಾಗದಗಳಿಂದ ಹೊಳಹು ಪಡೆದ ಟಿ. ಸುಂದರ ರಾವ್, ಕಾಗದ ಮಡಿಸಿ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕವನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಉಲ್ಲೇಖಿಸಿದರು. 1901ರಲ್ಲಿ ಷಿಕಾಗೋ ಆವೃತ್ತಿ ಬಂತು.