1769ರ ಮದರಾಸು ಒಪ್ಪಂದದ ಎರಡನೆಯ ಕಲಮು

ಸೇಂಟ್ ಜಾರ್ಜ್ ಕೋಟೆಯ ಹಳೆಯ ಕಡತಗಳು 1909ರಿಂದ ಎಗ್ಮೋರಿನ ಪತ್ರಾಗಾರದಲ್ಲಿವೆ. ಹೊರನಾಡಿನಲ್ಲಿ ಮೈಸೂರಿನ ಇತಿಹಾಸವನ್ನು ಅಭ್ಯಸಿಸುವವರು ಇವನ್ನು ಬಿಟ್ಟು ಮುಂದೆ ಸಾಗಲಾಗದು. ನಾವು ಇಲ್ಲಿ ಪರಿಶೀಲಿಸುವುದು 1769ರ ಒಪ್ಪಂದದ ಒಂದೇ ಕಲಮನ್ನು.

ಆ ವರ್ಷದ ಮಾರ್ಚಿಯಲ್ಲಿ ಹೈದರ್ ಅಲಿಯು ಆಯ್ದ ಕುದುರೆದಂಡಿನೊಡನೆ ಮದರಾಸಿನ ಹೊರವಲಯದ ಸೇಂಟ್ ಥಾಮಸ್ ಬೆಟ್ಟದವರೆಗೆ ಬಂದನು. ಏಪ್ರಿಲಿನಲ್ಲಿ ಸಂಧಿಯಾಯಿತು. ಗೆದ್ದ ನೆಲವನ್ನು ಪರಸ್ಪರ ಹಿಂದಿರುಗಿಸುವ ಮಾತು ಸಾಮಾನ್ಯವಾದದ್ದು. ಎರಡನೆಯ ಕಲಮು ಹಾಗಲ್ಲ. ಇಬ್ಬರಲ್ಲಿ ಯಾರ ಮೇಲೆ ದಾಳಿಯಾದರೂ ಮತ್ತೊಬ್ಬರು ನೆರವಿಗೆ ಬಂದು ಶತ್ರುವನ್ನು ಹೊರದೂಡಬೇಕು. ನೆರವಿಗೆ ಬಂದ ಸವಾರನಿಗೆ ತಿಂಗಳಿಗೆ 15 ರೂಪಾಯಿ, ಸಿಪಾಯಿಗೆ ಏಳೂವರೆ ರೂಪಾಯಿ. ಸಂಬಳದ ದರವನ್ನು ಇಷ್ಟು ಖಚಿತವಾಗಿ ಬರೆದವರು, ದಾಳಿಗೆ ಕಾರಣನಾದವನು ಯಾರೆಂಬುದನ್ನು ತೀರ್ಮಾನಿಸುವ ಬಗೆಯನ್ನು ಹೇಳಲೇ ಇಲ್ಲ.

ತೊಡಕು ಇನ್ನೂ ಆಳದಲ್ಲಿತ್ತು. 1768ರಲ್ಲಿ ಕಂಪನಿಯು ನಿಜಾಮ ಹಾಗೂ ಆರ್ಕಾಟಿನ ನವಾಬ ಮುಹಮ್ಮದ್ ಅಲಿಯರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಹೈದರನನ್ನು ಬಂಡಾಯಗಾರನೆಂದೂ ಅಧಿಕಾರಾಪಹಾರಿಯೆಂದೂ ಕರೆದಿತ್ತು. ಮರುವರ್ಷ ಅವನನ್ನೇ ಮಿತ್ರನೆಂದು ಒಪ್ಪಿಕೊಂಡಾಗಲೂ ಆ ಹಿಂದಿನ ಒಪ್ಪಂದವನ್ನು ವಿಧಿಪೂರ್ವಕವಾಗಿ ಕೈಬಿಡಲಿಲ್ಲ. 1789ರಲ್ಲಿ ಕಾರ್ನ್‌ವಾಲಿಸನು ನಿಜಾಮನಿಗೆ ಬರೆದಾಗ ಮತ್ತೆ ಅದನ್ನೇ ಎತ್ತಿಕೊಂಡುದು ಗಮನಾರ್ಹ.

ಪರೀಕ್ಷೆಯ ಕಾಲ ಬೇಗನೆ ಬಂತು. ಮರಾಠರು ಮೈಸೂರಿನ ಮೇಲೆರಗಿ 1771ರ ಮಾರ್ಚಿಯಲ್ಲಿ ಮೇಲುಕೋಟೆಯ ಸಮೀಪ ಚಿನಕುರಳಿಯಲ್ಲಿ ಹೈದರನ ಸೇನೆಯನ್ನು ಮುರಿದರು. ಅವನು ಕಲಮನ್ನು ನೆನಪಿಸಿ ನೆರವು ಕೇಳಿದನು. ನವಾಬನ ಒಲವು ಮರಾಠರ ಕಡೆಗೆ; ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾಗಿ ಬಂದಿದ್ದ ಜಾನ್ ಲಿಂಡ್ಸೆಯದೂ ಅದೇ ನಿಲುವು. ಮದರಾಸಿನ ಕೌನ್ಸಿಲು ಎರಡೂ ಕಡೆಗೆ ಸೇರದೆ ಸುಮ್ಮನಾಯಿತು. ತಟಸ್ಥವೆಂಬುದು ಕೌನ್ಸಿಲಿನ ದೃಷ್ಟಿ. ಶ್ರೀರಂಗಪಟ್ಟಣದಿಂದ ನೋಡಿದರೆ ಅದು ವಚನಭಂಗವೇ. ಹೈದರನು 1772ರಲ್ಲಿ ಹಣವನ್ನೂ ನೆಲವನ್ನೂ ತೆತ್ತು ಮರಾಠರೊಡನೆ ರಾಜಿಯಾದನು.

ನೆರೆಯವನು ಸಹಜಶತ್ರುವೆಂಬ ಕೌಟಿಲ್ಯನ ಮಂಡಲಸೂತ್ರವನ್ನು ಇಲ್ಲಿ ಹಲವರು ಅನ್ವಯಿಸುತ್ತಾರೆ. ಪ್ರಾಚೀನ ಗ್ರಂಥಗಳ ಸಹವಾಸದಲ್ಲೇ ಬೆಳೆದ ನಮಗೂ ಆ ಸೆಳೆತವುಂಟು. ಆದರೆ 1780ರಲ್ಲಿ ಹೈದರ್, ನಿಜಾಮ ಹಾಗೂ ಮರಾಠರು, ಮೂವರೂ ಹಳೆಯ ವೈರಿಗಳು, ಕಂಪನಿಯ ವಿರುದ್ಧ ಒಂದಾದುದನ್ನು ಆ ಸೂತ್ರವೊಂದೇ ವಿವರಿಸಲಾರದು. ಹೈದರನು ಆಗ ಮುಂದಿಟ್ಟ 1771ರ ದೂರನ್ನು ಬರಿಯ ನೆಪವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಹೊಸ ಕೂಟವೂ ನಿಲ್ಲಲಿಲ್ಲ. ಗುಂಟೂರು ಮರಳಿ ಕೈಸೇರಿದೊಡನೆ ನಿಜಾಮನು ಹಿಂದೆ ಸರಿದನು. 1782ರ ಮೇ ತಿಂಗಳಲ್ಲಿ ಸಾಲ್ಬಾಯಿಯಲ್ಲಿ ಮರಾಠರು ಪ್ರತ್ಯೇಕ ಸಂಧಿಗೆ ಒಪ್ಪಿದರು. ಹೈದರನು ಗೆದ್ದಿದ್ದ ನೆಲವನ್ನು ಕಂಪನಿಗೂ ನವಾಬನಿಗೂ ಬಿಡಿಸಿಕೊಡುವ ಹೊಣೆಯನ್ನೂ ಹೊತ್ತರು. ಆ ಡಿಸೆಂಬರಿನಲ್ಲಿ, ಚಿತ್ತೂರಿನ ಬಳಿಯ ದಂಡಿನಲ್ಲಿ, ಹೈದರನು ತೀರಿಕೊಂಡನು.