ಯಂತ್ರದ ಸಂಶಯ

ಆಳುವವರಿಗೆ ಲೆಕ್ಕದ ಮೇಲಿನ ಮೋಹ ಹಳೆಯದು. ಲೆಕ್ಕಕ್ಕೇ ಸಂಶಯಪಡಲು ಕಲಿಸಿದ್ದು ಹೊಸದು. ಕೃತಕ ಬುದ್ಧಿಯನ್ನು ರಾಜ್ಯಭಾರಕ್ಕೆ ಹೂಡಿದ ಚರಿತ್ರೆಯಲ್ಲಿ ನೆದರ್ಲೆಂಡ್ಸಿನ ಅಧ್ಯಾಯವನ್ನು ನಾನು ಮರೆಯಲಾರೆ.

ಅಲ್ಲಿ ದುಡಿಯುವ ತಂದೆತಾಯಿಗಳಿಗೆ ಶಿಶುಪಾಲನೆಯ ವೆಚ್ಚಕ್ಕೆಂದು ಸರ್ಕಾರ ನೆರವು ಕೊಡುತ್ತದೆ. ಮೋಸದ ಅರ್ಜಿಗಳನ್ನು ಹುಡುಕಲು ತೆರಿಗೆ ಇಲಾಖೆ 2013ರಿಂದ ತಾನೇ ಕಲಿಯುವ ಗಣಕವಿಧಾನವೊಂದನ್ನು ಬಳಸಿತು. ಅದು ಅರ್ಜಿಗಳಿಗೆ ಸಂಶಯದ ಅಂಕ ಹಾಕುತ್ತಿತ್ತು. ಡಚ್ ಪೌರತ್ವವಿಲ್ಲದವರ ಅಂಕ ಏರುತ್ತಿತ್ತು. ಅಂಕ ಹೆಚ್ಚಿದ ಅರ್ಜಿ ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಏಕೆ ಹೆಚ್ಚಿತೆಂಬುದು ಅವನಿಗೂ ತಿಳಿಯುತ್ತಿರಲಿಲ್ಲ. ಒಂದು ರುಜು ಬಿಟ್ಟುಹೋದುದಕ್ಕೂ ಪಡೆದ ನೆರವನ್ನೆಲ್ಲ ಹಿಂತಿರುಗಿಸಬೇಕಾದವರುಂಟು. ಸಾವಿರಾರು ಸಂಸಾರಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಪ್ರಧಾನಿ ರುಟ್ಟೆಯವರ ಮಂತ್ರಿಮಂಡಲವೇ ರಾಜೀನಾಮೆಯಿತ್ತಿತು.

ನಿರ್ದಯವಾದ ಕಾನೂನನ್ನು ಬರೆದವರು ಮನುಷ್ಯರು. ಯಂತ್ರ ಅದಕ್ಕೆ ಬಲಿಯನ್ನು ಆರಿಸಿಕೊಟ್ಟಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ! ಗಣಕ ಬೇಡವೆಂದು ನಾನು ಹೇಳೆನು. ಆದರೆ ‘ಏಕೆ?’ ಎಂದು ಕೇಳಿ ಬಂದ ಪ್ರಜೆಗೆ ಉತ್ತರ ಹೇಳಬಲ್ಲ ಅಧಿಕಾರಿಯೊಬ್ಬ ಅದರ ಪಕ್ಕದಲ್ಲಿರಬೇಕು. ಅಂಥವನಿಲ್ಲದ ಕಚೇರಿಯಲ್ಲಿ ಲೆಕ್ಕವಿದ್ದೀತು, ನ್ಯಾಯವಿರದು.